‘ಪೋರ್ಟೇಜ್’, ‘ಎಡ್ಡಿ’: ಹೊಳೆ ಇಳಿಯುವವರ ಮಾತಿಗೆ ಕನ್ನಡ ಯಾವುದು?

ಪ್ರಶ್ನೆ (ಕಾರವಾರದಿಂದ):

ಗಾಳಿ ತುಂಬಿದ ರಾಫ್ಟ್, ಸಪೂರ ದೋಣಿಯಾದ ಕಯಾಕ್‌ಗಳಲ್ಲಿ ಹೊಳೆ ಇಳಿಯುವವರಿಗಾಗಿ ಒಂದು ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ಕರಡಿನಲ್ಲಿ ‘ಮೂರನೇ ದರ್ಜೆಯ ಹೊಳೆ’ ಎಂದಿದೆ. ನಡುವೆ ಒಂದು ಜಲಪಾತ ಸಿಗುತ್ತದೆ. ಅಲ್ಲಿ ದೋಣಿಯನ್ನು ದಡಕ್ಕೆ ತೆಗೆದು, ಹೊತ್ತು ನಡೆದು, ಕೆಳಗೆ ಮತ್ತೆ ನೀರಿಗೆ ಬಿಡಬೇಕು. ಈ ಕೆಲಸಕ್ಕೂ ಆ ಹಾದಿಗೂ ಇಂಗ್ಲಿಷಿನವರು ‘ಪೋರ್ಟೇಜ್’ ಎಂದೇ ಹೇಳುತ್ತಾರೆ. ಕರಡಿನಲ್ಲಿ ಅದು ‘ಸಾಗಣೆ’ ಆಗಿದೆ. ‘ಎಡ್ಡಿ’ಗೆ ‘ಸುಳಿ’ ಎಂದು ಹಾಕಿದ್ದಾರೆ. ಹೀಗಾಗಿ ಒಂದು ವಾಕ್ಯ ಹೀಗೆ ಬಂದಿದೆ: “ಜಲಪಾತಕ್ಕೆ ಮೊದಲು ಬಲಗಡೆಯ ಸುಳಿಗೆ ದೋಣಿ ನುಗ್ಗಿಸಿ, ಸಾಗಣೆ ಮಾಡಿ.” ಓದಿದವರಿಗೆ ಏನು ತಿಳಿದೀತು?

ಉತ್ತರ (ಶಿರಸಿಯಿಂದ):

ಸಾಯಲು ಹೇಳುತ್ತಿದ್ದಾರೆ ಎಂದು ತಿಳಿದೀತು. ‘ಸುಳಿಗೆ ಸಿಕ್ಕ’ ಎಂದರೆ ನಮ್ಮಲ್ಲಿ ಮುಂದಿನ ಮಾತು ಬೇಕಾಗುವುದಿಲ್ಲ. ಎಡ್ಡಿ ಅದಕ್ಕೆ ನೇರ ವಿರುದ್ಧ. ಅದು ಹೊಳೆಯೊಳಗಿನ ಜಗಲಿ, ದಣಿವಾರಿಸಿಕೊಳ್ಳುವ ಜಾಗ.

ಹೊಳೆಯಲ್ಲಿ ತಿರುಗುವ ನೀರು ಮೂರು ಬಗೆ, ಮೂರಕ್ಕೂ ಬೇರೆ ಪದ ಬೇಕು. ತಿರುಗಣಿಯಂತೆ ಸುತ್ತುತ್ತ ನಡುವೆ ತಗ್ಗಾಗಿ ಒಳಗೆಳೆಯುವುದು ಸುಳಿ. ಅದಕ್ಕೆ ಆ ಹೆಸರೇ ಇರಲಿ. ನೀರು ಬಂಡೆಯ ಮೇಲಿಂದ ಹಾರಿ ಧುಮುಕಿ, ಬುಡದಲ್ಲಿ ಮೇಲೆದ್ದು, ಮತ್ತೆ ಬಂಡೆಯ ಕಡೆಗೇ ಮಗುಚಿ ಬೀಳುವುದು ಇನ್ನೊಂದು. ಇಂಗ್ಲಿಷಿನಲ್ಲಿ ‘ಹೋಲ್’. ಅದು ಅಡ್ಡ ಉರುಳುವ ಒನಕೆಯ ಹಾಗೆ, ಸಿಕ್ಕ ದೋಣಿಯನ್ನು ಅಲ್ಲಿಯೇ ಉರುಳಿಸುತ್ತದೆ. ‘ಮಗುಚುನೀರು’ ಎನ್ನಬಹುದು. ‘ಗುಂಡಿ’ ಬೇಡ, ಗುಂಡಿ ಎಂದರೆ ನಾವು ಈಜಲು ಇಳಿಯುವ ನಿಂತ ನೀರು.

ಮೂರನೆಯದು ಎಡ್ಡಿ. ನೀರು ಬಂಡೆಗೆ ಬಡಿದು ಎರಡು ಸೀಳಾದಾಗ ಬಂಡೆಯ ಹಿಂಬದಿಯಲ್ಲಿ ತಗ್ಗಾಗುತ್ತದೆ. ಅದನ್ನು ತುಂಬಲು ಕೆಳಗಿನ ನೀರು ಮೆಲ್ಲಗೆ ಮೇಲ್ಮುಖವಾಗಿ ಬರುತ್ತದೆ. ಬಂಡೆಯ ಮರೆಯಲ್ಲಿ ಇರುವುದರಿಂದ ಇದನ್ನು ‘ಮರೆನೀರು’ ಎಂದರೆ ಹೇಗೆ? ಹೊಳೆಯ ಸದ್ದಿನಲ್ಲಿ ಕೂಗುವಾಗ “ಮರೆ, ಬಲಕ್ಕೆ!” ಎಂದರೆ ಸಾಕು. ಹರಿವಿಗೂ ಮರೆಗೂ ನಡುವಿನ ಗೆರೆ ಕಣ್ಣಿಗೆ ಕಾಣುತ್ತದೆ. ಕಯಾಕ್‌ನ ಮೂತಿ ಆ ಗೆರೆಯನ್ನು ಓರೆಯಾಗಿ, ವೇಗದಲ್ಲಿ ದಾಟಬೇಕು. ದಾಟುವಾಗ ಸೈಕಲ್ ತಿರುಗಿಸುವವರ ಹಾಗೆ ತಿರುವಿನ ಒಳಬದಿಗೆ ವಾಲಬೇಕು. ಮೂತಿ ಮೇಲ್ಮುಖದ ನೀರಿನಲ್ಲಿ, ಹಿಂಭಾಗ ಇಳಿಮುಖದ ನೀರಿನಲ್ಲಿ ಇರುವ ಆ ಗಳಿಗೆಯಲ್ಲಿ ನೆಟ್ಟಗೆ ಕೂತವರೇ ಮಗುಚುವುದು.

‘ಸಾಗಣೆ’ ಲಾರಿಯವರ ಪದ. ಕೆಲಸಕ್ಕೆ ‘ಹೊತ್ತುದಾಟು’, ಹಾದಿಗೆ ‘ಹೊರುದಾರಿ’ ಎಂದು ಒಡೆದು ಹೇಳುವುದು ಮೇಲು, ಏಕೆಂದರೆ ಸೂಚನೆಗಳೂ ಬೇರೆ ಬೇರೆ. ಯಾವ ದಂಡೆಗೆ ಹತ್ತಬೇಕು ಎಂಬುದು ನೀರಿಗಿಳಿಯುವ ಮೊದಲೇ ಗೊತ್ತಿರಬೇಕು. ಜಲಪಾತದ ಅಂಚಿಗೆ ತೀರ ಹತ್ತಿರದ ಮರೆನೀರನ್ನು ನಂಬಬಾರದು, ಅದಕ್ಕಿಂತ ಮೇಲಿನದಕ್ಕೇ ಸೇರಬೇಕು. ಅಂಚಿನ ಹತ್ತಿರ ನೀರು ನುಣ್ಣಗೆ, ಸದ್ದಿಲ್ಲದೆ ವೇಗ ಪಡೆಯುತ್ತದೆ; ಎಷ್ಟೋ ಸಲ ಕಿವಿಗಿಂತ ಮೊದಲು ಕಣ್ಣಿಗೇ ಸುಳಿವು ಸಿಗುತ್ತದೆ. ಹೊಳೆ ಅಡ್ಡಗೆರೆ ಎಳೆದ ಹಾಗೆ ನಿಂತು, ಅದರಾಚೆ ಮರದ ತಲೆ ಮಾತ್ರ ಕಂಡರೆ ಅದೇ ಅಂಚು. ದೋಣಿಗಳು ಒಂದೊಂದಾಗಿ ಹತ್ತಬೇಕು. ಮೊದಲು ಹತ್ತಿದವರು 15–20 ಮೀಟರ್ ಹಗ್ಗ ಹಿಡಿದು ಹಿಂದಿನವರಿಗೆ ಕಾಯಬೇಕು. ಹೊರುವ ಮೊದಲು ಒಳಗಿನ ನೀರು ಚೆಲ್ಲಬೇಕು: ಪ್ಲಾಸ್ಟಿಕ್ ಕಯಾಕ್ 20 ಕಿಲೋ ಆಸುಪಾಸು, ಒಳಗೆ ಹತ್ತು ಲೀಟರ್ ಉಳಿದರೆ ಇನ್ನೂ ಹತ್ತು ಕಿಲೋ. ರಾಫ್ಟ್ ಆದರೆ ಬದಿಗೆ ಮೂವರಂತೆ ಆರು ಜನ. ಹಾವಸೆ ಕಟ್ಟಿದ ಕಲ್ಲಿನ ಇಳಿಜಾರಿನಲ್ಲಿ ಹೊರುವುದು ಬಿಟ್ಟು ಹಗ್ಗದಲ್ಲಿ ಇಳಿಬಿಡುವುದೇ ಸರಿ. ಕೆಳಗೆ ಅಬ್ಬಿಯ (ಜಲಪಾತದ) ಬುಡದಲ್ಲೇ ನೀರಿಗೆ ಬಿಟ್ಟರೆ ಮೇಲ್ಪದರದ ನೀರು ದೋಣಿಯನ್ನು ಮತ್ತೆ ಅಬ್ಬಿಯ ಕೆಳಗೇ ಎಳೆಯುತ್ತದೆ.

ಎಲ್ಲ ಜಲಪಾತಕ್ಕೂ ಹೊರುದಾರಿ ಇರುತ್ತದೆ ಎಂದು ಕೈಪಿಡಿ ಓದಿದವರು ತಿಳಿಯಬಾರದು. ಅಘನಾಶಿನಿಯ ಉಂಚಳ್ಳಿ 116 ಮೀಟರ್; ಅಲ್ಲಿ ದೋಣಿಯ ಮಾತೇ ಮುಗಿಯಿತು. ಕಿವಿಗಡಚಿಕ್ಕುವ ಅದರ ಸದ್ದಿಗೆ ಊರವರು ಕೆಪ್ಪಜೋಗ ಎನ್ನುತ್ತಾರೆ. ಸಿದ್ದಾಪುರದ ಕಡೆ ಬುರುಡೆಜೋಗ ಇದೆ. ಅಂದಮೇಲೆ ‘ಜೋಗ’ ಒಂದೇ ಊರಿನ ಹೆಸರಲ್ಲ, ನಮ್ಮ ಸೀಮೆಯಲ್ಲಿ ಜಲಪಾತಕ್ಕೆ ಇರುವ ಪದವೇ. ಕೈಪಿಡಿಗೂ ತರಬಹುದು.

‘ಬಲಗಡೆ’ ಎಂಬುದನ್ನೂ ತಿದ್ದಿ. ಹೊಳೆಗೆ ಎದುರು ನಿಂತವರ ಬಲ ಬೇರೆ. ನೀರು ಹರಿಯುವ ದಿಕ್ಕಿಗೆ ಮುಖ ಮಾಡಿ ಹೇಳುವ ‘ಎಡದಂಡೆ, ಬಲದಂಡೆ’ ನಮ್ಮ ಕಾಲುವೆಗಳಿಂದ ಎಲ್ಲ ರೈತರಿಗೂ ಗೊತ್ತು. ಇಲ್ಲಿ ಹೊಸ ಪದ ಹುಟ್ಟಿಸಬೇಕಾಗಿಯೇ ಇಲ್ಲ.

‘ಮೂರನೇ ದರ್ಜೆ’ಯಂತೂ ಹೊಳೆಗೆ ಮಾಡಿದ ಅವಮಾನ, ಸಿನಿಮಾ ವಿಮರ್ಶೆಯ ಹಾಗಿದೆ! ಹೊಳೆ ಇಳಿಯುವುದು ಎಷ್ಟು ಕಷ್ಟ ಎಂದು ಹೇಳುವ ಆರು ಮೆಟ್ಟಿಲಿನ ಅಳತೆಯಲ್ಲಿ ಮೂರನೆಯದು ಎಂದರೆ ಅಂಕುಡೊಂಕು ಅಲೆ, ಇಕ್ಕಟ್ಟು ದಾರಿ, ತೆರೆದ ದೋಣಿಗೆ ನೀರು ತುಂಬುವಷ್ಟು ಎತ್ತರ. ‘ಮೂರನೇ ಹಂತ’ ಎನ್ನಿ.

ಮರುಪ್ರಶ್ನೆ (ಕಾರವಾರದಿಂದ):

‘ಮರೆನೀರು’ ಎಂದರೆ ಕಣ್ಣಿಗೆ ಕಾಣದ ನೀರು ಎಂದು ಓದುವವರಿದ್ದಾರೆ. ‘ಹಿನ್ನೀರು’ ಆಗದೇ?

ಉತ್ತರ:

ಹಿನ್ನೀರನ್ನು ಅಣೆಕಟ್ಟಿನವರು ಹಿಡಿದುಕೊಂಡಾಗಿದೆ. ಸೂಪಾ ಹಿನ್ನೀರು, ಕದ್ರಾ ಹಿನ್ನೀರು ಎಂದು ದಿನವೂ ಕೇಳುವ ಜಿಲ್ಲೆಯಲ್ಲಿ, ಅದೂ ಸೂಪಾ ಅಣೆಕಟ್ಟಿನಿಂದ ಬಿಟ್ಟ ನೀರನ್ನೇ ನಂಬಿ ಗಣೇಶಗುಡಿಯಲ್ಲಿ ರಾಫ್ಟಿಂಗ್ ನಡೆಯುವ ಕಾಳಿ ಹೊಳೆಯಲ್ಲಿ, ಗೊಂದಲ ಖಂಡಿತ. ಮೊದಲ ಸಲ ಬಂದಲ್ಲಿ ‘ಬಂಡೆಯ ಮರೆಯ ನೀರು’ ಎಂದು ಬಿಡಿಸಿ ಬರೆದರೆ ಆಯಿತು. ವಾಕ್ಯ ಹೀಗಿರಲಿ: “ಜೋಗದ ಅಂಚು ಕಾಣುವ ಮೊದಲೇ ಬಲದಂಡೆಯ ಮರೆನೀರಿಗೆ ಸೇರಿ, ದೋಣಿಯನ್ನು ದಡಕ್ಕೆ ತೆಗೆದು ಹೊರುದಾರಿ ಹಿಡಿಯಿರಿ.”