ಪಾಸ್‌ವರ್ಡ್ ಬಾಕ್ಸಲ್ಲಿ ಪೇಸ್ಟ್ ಬ್ಲಾಕ್ ಮಾಡೋದಾ ಬೇಡ್ವಾ? ಮಾಡಿ ನೋಡಿದೋರು ಹೇಳಿ

ಶಿರಸಿ_ಕೋಡರ್: ನಮ್ಮೂರ ಪತ್ತಿನ ಸಹಕಾರ ಸಂಘಕ್ಕೆ ಸದಸ್ಯರ ಲಾಗಿನ್ ಮಾಡ್ಕೊಡ್ತಾ ಇದೀನಿ. ಆಡಿಟರ್ ಪೇಸ್ಟ್ ಬ್ಲಾಕ್ ಮಾಡಿ, ಆಟೋಕಂಪ್ಲೀಟ್ (ಬ್ರೌಸರ್ ತಾನೇ ತುಂಬೋದು) ಆಫ್ ಮಾಡಿ ಅಂತಿದಾರೆ. ಸದಸ್ಯರು ಹೆಚ್ಚಿನೋರು ವಯಸ್ಸಾದೋರು, ಎಲ್ಲಾ ಮೊಬೈಲಲ್ಲೇ. ಪಾಸ್‌ವರ್ಡ್ ತೋರಿಸೋ ಕಣ್ಣಿನ ಐಕಾನ್ ಇಡ್ಲಾ?

ಹಳೇ_ಜಾವಾ: ಆಡಿಟ್ ಅಂದ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ. ನಂದೊಂದು ಇಲಾಖೆ ಪ್ರಾಜೆಕ್ಟು, ಸೈಟ್ ಸುರಕ್ಷಿತ ಅಂತ ಆಡಿಟರ್ ಕೊಡೋ ಸೇಫ್ ಟು ಹೋಸ್ಟ್ ಸರ್ಟಿಫಿಕೇಟ್ ಇಲ್ದೆ ಸರ್ವರಿಗೆ ಹಾಕಂಗಿಲ್ಲ. ಆಟೋಕಂಪ್ಲೀಟ್ ಆಫ್ ಅಂತ ಬರೆದ್ವಿ, ಕ್ರೋಮು ಫೈರ್‌ಫಾಕ್ಸು ಲಾಗಿನ್ ಬಾಕ್ಸಲ್ಲಿ ಅದಕ್ಕೆ ಕ್ಯಾರೇ ಅನ್ನಲ್ಲ, ಸೇವ್ ಮಾಡ್ಲಾ ಅಂತ ಕೇಳೇ ಕೇಳ್ತವೆ, ರಿಪೋರ್ಟ್ ವಾಪಸ್. ರೀಟೆಸ್ಟಿಗೆ 18,000, ಮೇಲೆ ಜಿಎಸ್‌ಟಿ 3,240, ಒಟ್ಟು 21,240, ಅದೂ ನಮ್ಮ ಜೇಬಿಂದ, ಯಾಕಂದ್ರೆ ಟೆಂಡರಲ್ಲಿ ಒಂದೇ ರೌಂಡಿಗೆ ದುಡ್ಡು ಇಟ್ಟಿದ್ದು. ಕೊನೆಗೆ ಬಾಕ್ಸಿನ ಟೈಪ್ ಪಾಸ್‌ವರ್ಡ್ ಅಂತಿದ್ದನ್ನ ಕಿತ್ತಾಕಿ ಮಾಮೂಲಿ ಟೆಕ್ಸ್ಟ್ ಮಾಡಿ, ಅಕ್ಷರ ಮರೆಮಾಡೋ ಚುಕ್ಕಿ ಫಾಂಟ್ ಹಾಕಿ ಪಾಸ್ ಮಾಡಿಸ್ಕೊಂಡ್ವಿ. ಸರ್ಟಿಫಿಕೇಟ್ ಮುಖ್ಯ ಸ್ವಾಮಿ, ಅವ್ರು ಹೇಳಿದ್ದು ಮಾಡಿ.

ಕುಡ್ಲ_ದೇವ್: ಎಂತ ಮಾರ್ರೆ ಇದು! ಟೆಕ್ಸ್ಟ್ ಮಾಡಿದ್ರೆ ಮೊಬೈಲ್ ಕೀಬೋರ್ಡ್ ಆ ಪಾಸ್‌ವರ್ಡ್ ಕಲೀತದೆ, ನಾಳೆ ವಾಟ್ಸಾಪಲ್ಲಿ ಸಜೆಶನ್ ಆಗಿ ಬಂದ್ರೂ ಬಂತು. ಪೇಸ್ಟ್ ಬಿಡ್ಬೇಕು ಅಂತ ಅಮೆರಿಕ ಸರ್ಕಾರದ ಮಾನದಂಡ ಸಂಸ್ಥೆ ನಿಸ್ಟ್ 2017ರಲ್ಲೇ ಬರೆದಾಗಿದೆ. ನಂಗೆ ಆದದ್ದು ಕೇಳಿ. ಒಂದು ಆಫೀಸಿನ ಸೈಟಲ್ಲಿ ರಿಜಿಸ್ಟರ್ ಬಾಕ್ಸಿಗೆ ಮ್ಯಾಕ್ಸ್‌ಲೆಂತ್ (ಅಕ್ಷರದ ಮಿತಿ) 16, ಲಾಗಿನ್ ಬಾಕ್ಸಿಗೆ ಇಲ್ಲ. ಪಾಸ್‌ವರ್ಡ್ ಮ್ಯಾನೇಜರ್ ಆ್ಯಪಿಂದ 20 ಅಕ್ಷರ ಪೇಸ್ಟ್ ಮಾಡಿದೆ, ಕೊನೆ ನಾಲ್ಕು ಸದ್ದಿಲ್ಲದೆ ಹೋಯ್ತು. ಚುಕ್ಕಿಯಲ್ಲಿ ಎಂತ ಗೊತ್ತಾಗ್ತದೆ? ಕನ್ಫರ್ಮ್ ಬಾಕ್ಸೂ ಅಷ್ಟೇ ಕತ್ತರಿಸಿ ಎರಡೂ ಮ್ಯಾಚ್ ಅಂತು! ಲಾಗಿನ್ ಮಾಡಿದ್ರೆ ತಪ್ಪು. ಹೆಲ್ಪ್‌ಡೆಸ್ಕಿನವ ಕ್ಯಾಪ್ಸ್‌ಲಾಕ್ ನೋಡಿ ಸರ್ ಅಂತಾನೆ. ಲಾಗಿನಿಗೆ ಕರೆಂಟ್-ಪಾಸ್‌ವರ್ಡ್, ಹೊಸದಕ್ಕೆ ನ್ಯೂ-ಪಾಸ್‌ವರ್ಡ್ ಅಂತ ಆಟೋಕಂಪ್ಲೀಟ್ ಕೊಟ್ರೆ ಮುಗೀತು.

ಹಳೇ_ಜಾವಾ: ನಿಸ್ಟ್ ಬಂದು 21,240 ಕೊಡುತ್ತಾ?

ಪಿಎಚ್‌ಪಿ_ಪುಟ್ಟ: ಕಣ್ಣು ಇಟ್ಟೋನು ನಾನು, ಹೆಮ್ಮೆಯಿಂದ ಹೇಳ್ತೀನಿ. ಆದ್ರೆ ಕೋಡ್ ಬರೆದ ಹುಡುಗ ಆ ಬಟನ್ನಿಗೆ ಟೈಪೇ ಕೊಟ್ಟಿರ್ಲಿಲ್ಲ, ಫಾರಂ ಒಳಗೆ ಟೈಪ್ ಇಲ್ದಿದ್ರೆ ಅದು ಸಬ್‌ಮಿಟ್. ಮುದುಕ್ರು ಅರ್ಧ ಟೈಪ್ ಮಾಡಿ ಕಣ್ಣು ಒತ್ತೋದು, ಫಾರಂ ಹೋಗೋದು, ತಪ್ಪು ಪಾಸ್‌ವರ್ಡ್ ಅನ್ನೋದು, ಐದನೇ ಸಲಕ್ಕೆ ಅಕೌಂಟ್ ಲಾಕ್. ಸೋಮವಾರ ಕೌಂಟರ್ ಮುಂದೆ ಜಾತ್ರೆ. ಒಂದು ಟೈಪ್ ಬಟನ್ ಸೇರಿಸಿ ನಿಲ್ಲಿಸ್ದೆ. ಕಣ್ಣು ಬಿಟ್ಟಾಗ ಮೊದಲ ಅಕ್ಷರ ಕ್ಯಾಪಿಟಲ್ ಆಗ್ತಿತ್ತು, ಆಟೋಕ್ಯಾಪಿಟಲೈಸ್ ನನ್ (none), ಸ್ಪೆಲ್‌ಚೆಕ್ ಫಾಲ್ಸ್ ಹಾಕಿ. ಕ್ರೋಮಿನ ಎನ್‌ಹ್ಯಾನ್ಸ್ಡ್ ಸ್ಪೆಲ್‌ಚೆಕ್ ಆನ್ ಇದ್ರೆ ಕಾಣೋ ಪಾಸ್‌ವರ್ಡ್ ಗೂಗಲ್ಲಿಗೆ ಹೋಗುತ್ತೆ ಅಂತ 2022ರಲ್ಲಿ ಗಲಾಟೆ ಆಗಿತ್ತಲ್ಲ.

ಅಚ್ಚಗನ್ನಡಿಗ: ಕನ್ನಡದಲ್ಲಿ ಪಾಸ್‌ವರ್ಡ್ ಇಡೋರ ಬಗ್ಗೆ ಯಾರೂ ಮಾತಾಡಲ್ಲ. ‘ಕೋ’ ಅನ್ನೋದರ ಓತ್ವ ಒಂದು ಕೀಬೋರ್ಡಲ್ಲಿ ಒಂದೇ ಕೋಡ್, ಇನ್ನೊಂದರಲ್ಲಿ ಮೂರು ತುಂಡಾಗಿ ಬಂದ್ರೆ ಹ್ಯಾಶ್ (ಪಾಸ್‌ವರ್ಡ್ ಬದಲು ಸರ್ವರ್ ಇಟ್ಕೊಳ್ಳೋ ಗುರುತು) ಬೇರೆ, ಲಾಗಿನ್ ಆಗಲ್ಲ. ಹ್ಯಾಶಿಗೆ ಮುಂಚೆ ಎನ್‌ಎಫ್‌ಸಿ, ಅಂದ್ರೆ ತುಂಡುಗಳನ್ನ ಒಂದೇ ರೂಪಕ್ಕೆ ತರೋ ಯೂನಿಕೋಡ್ ಕ್ರಮ, ಮಾಡ್ಲೇಬೇಕು. ಹ್ಯಾಶ್ ಮಾಡೋ ಬಿಕ್ರಿಪ್ಟ್ ನೋಡೋದು ಮೊದಲ 72 ಬೈಟು, ನಮ್ಮ ಒಂದೊಂದು ಕೋಡಿಗೂ ಮೂರು ಬೈಟು, ‘ಕ್ಷ’ ಒಂದೇ 9 ತಿನ್ನುತ್ತೆ.

ಪಿಎಚ್‌ಪಿ_ಪುಟ್ಟ: ಕನ್ನಡದಲ್ಲಿ ಪಾಸ್‌ವರ್ಡ್ ಯಾರ್ ಗುರು ಇಡ್ತಾರೆ, ಅರ್ಧ ಫೋನಲ್ಲಿ ಆ ಬಾಕ್ಸಿಗೆ ಇಂಗ್ಲಿಷ್ ಕೀಬೋರ್ಡೇ ಬರೋದು.

ಅಚ್ಚಗನ್ನಡಿಗ: ಇಡೋಕೆ ಬಿಡದೆ ಯಾರಿಡ್ತಾರೆ ಅಂದ್ರೆ? ನಿಮ್ಮಂಥೋರಿಂದ್ಲೇ ಎರರ್ ಮೆಸೇಜೂ ಇಂಗ್ಲಿಷಲ್ಲಿ ಬರೋದು.

ಕುಡ್ಲ_ದೇವ್: ಶುರುವಾಯ್ತು ಇವರದ್ದು. ಜಾವಾ ಅವ್ರೇ, ಆ ಚುಕ್ಕಿ ಫಾಂಟ್ ಸೈಟ್ ಇನ್ನೂ ನಡೀತಾ ಉಂಟಾ?

ಹಳೇ_ಜಾವಾ: ಸರ್ಟಿಫಿಕೇಟ್ ಇದೆ, ನಡೀತಿದೆ. ನಿಮ್ಗೇನು ಕಷ್ಟ?

ಶಿರಸಿ_ಕೋಡರ್: ಪೇಸ್ಟ್ ಬಿಡ್ತೀನಿ, ನಿಸ್ಟ್ ಪುಟ ಪ್ರಿಂಟ್ ತೆಗ್ದು ಆಡಿಟರಿಗೆ ಕೊಡ್ತೀನಿ. ಐದು ಸಲಕ್ಕೆ ಲಾಕ್ ಅಂದ್ರಲ್ಲ, ಅನ್‌ಲಾಕ್ ತಾನಾಗೇ ಆಗ್ತಿತ್ತಾ ಅಥವಾ ಕೌಂಟರಿಗೇ ಬರ್ಬೇಕಿತ್ತಾ?

ಪಿಎಚ್‌ಪಿ_ಪುಟ್ಟ: ಕೌಂಟರಿಗೇ, ಪಾಸ್‌ಬುಕ್ ತಗೊಂಡು. ಅದು ಬಿಡಿ, ಸಂಘದೋರು ಎಷ್ಟಕ್ಕೆ ಒಪ್ಕೊಂಡ್ರು?