‘ಬಿ2 ಮುಗಿಸಿದೆ’ ಅಂದರೆ ಏನು ಮುಗಿದ ಹಾಗೆ?

ಫ್ರಾನ್ಸಿಗೋ ಕೆನಡಾಕ್ಕೋ ಹೊರಟವರಿಗಾಗಿ ಫ್ರೆಂಚ್ ಪರೀಕ್ಷೆಗಳ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಮಾಡುತ್ತಿದ್ದೇನೆ. ಭಾಷೆ ಎಷ್ಟು ಬರುತ್ತದೆ ಅನ್ನುವುದಕ್ಕೆ ಎ1ರಿಂದ ಸಿ2ವರೆಗೆ ಆರು ಮಟ್ಟಗಳಿವೆ, ಬಿ2 ಅದರಲ್ಲಿ ನಾಲ್ಕನೆಯದು. ‘ಪ್ರಮಾಣಪತ್ರ’ ಅನ್ನುವ ಪದದ ಹತ್ತಿರ ಕೆಲಸ ನಿಂತಿದೆ. ಬಲ್ಲವರು ಹೇಳಿ.

ಡೆಲ್ಫ್ ಫ್ರಾನ್ಸಿನ ಶಿಕ್ಷಣ ಸಚಿವಾಲಯ ಕೊಡುವ ಫ್ರೆಂಚ್ ಭಾಷೆಯ ಡಿಪ್ಲೊಮಾ. ಓದು, ಬರಹ, ಮಾತು, ಆಲಿಸುವುದು, ಒಂದೊಂದಕ್ಕೂ 25 ಅಂಕ. ಯಾವುದರಲ್ಲೂ 5ಕ್ಕಿಂತ ಕಡಿಮೆಯಾಗದೆ ಒಟ್ಟು 50 ಬಂದರೆ ಪಾಸು, ಆಮೇಲೆ ಜೀವನಪೂರ್ತಿ ಅದು ನಿಮ್ಮದು. ಟಿಸಿಎಫ್, ಟಿಇಎಫ್ ಅನ್ನುವ ಇನ್ನೆರಡು ಫ್ರೆಂಚ್ ಪರೀಕ್ಷೆಗಳು ಹಾಗಲ್ಲ. ಅಲ್ಲಿ ಪಾಸು-ಫೇಲು ಇಲ್ಲವೇ ಇಲ್ಲ, ಬಂದ ಅಂಕ ನೋಡಿ ನೀವು ಯಾವ ಮಟ್ಟದಲ್ಲಿದ್ದೀರಿ ಅಂತ ಬರೆದುಕೊಡುತ್ತಾರೆ, ಎರಡು ವರ್ಷ ಆದಮೇಲೆ ಆ ಕಾಗದ ನಡೆಯಲ್ಲ. ನಾವು ಎರಡನ್ನೂ ‘ಪ್ರಮಾಣಪತ್ರ’ ಅನ್ನುತ್ತೇವೆ. ಇದು ಸುಮ್ನೆ ಪದದ ಜಗಳ ಅಲ್ಲ, ಪರೀಕ್ಷೆಗೆ ದುಡ್ಡು ಕಟ್ಟುವವರ ವಿಷಯ: ಅಂಕ ನೋಡಿ ವಲಸಿಗರನ್ನು ಆರಿಸುವ ಕೆನಡಾದ ಎಕ್ಸ್‌ಪ್ರೆಸ್ ಎಂಟ್ರಿಗೆ ಡೆಲ್ಫ್ ಆಗುವುದಿಲ್ಲ, ಟಿಸಿಎಫ್ ಕೆನಡಾ ಅಥವಾ ಟಿಇಎಫ್ ಕೆನಡಾ ಬೇಕು. ಫ್ರಾನ್ಸಿನಲ್ಲಿ ಫ್ರೆಂಚ್ ಮಾಧ್ಯಮದ ಪದವಿಗೆ ಸೇರಲು ಹೆಚ್ಚಿನ ವಿಶ್ವವಿದ್ಯಾಲಯಗಳು ಕೇಳುವುದು ಬಿ2, ಅದಕ್ಕೆ ಡೆಲ್ಫ್ ಧಾರಾಳವಾಗಿ ಸಾಕು.

‘ಡಿಪ್ಲೊಮಾ’ ಅಂತಲೇ ಇಡೋಣ ಅಂದರೆ ನಮ್ಮ ಕಿವಿಗೆ ಅದು ಪಾಲಿಟೆಕ್ನಿಕ್ಕು. ಡೆಲ್ಫ್‌ಗೆ ಮಾತ್ರ ‘ಪ್ರಮಾಣಪತ್ರ’, ಟಿಸಿಎಫ್‌ಗೆ ‘ಅಂಕಪಟ್ಟಿ’ ಅಂದರೆ ಹೇಗೆ? ಆದಾಯ ಪ್ರಮಾಣಪತ್ರಕ್ಕೂ ಅವಧಿ ಇದೆಯಲ್ಲ ಅಂತ ಗೆಳೆಯರೊಬ್ಬರು ತಕರಾರು ತೆಗೆದರು. ಇರಲಿ, ನನಗೆ ಅಂಕಪಟ್ಟಿಯೇ ಹಿಡಿಸಿದೆ.

ಈ ಮಟ್ಟಗಳಿಗೆ ‘ಪ್ರಾವೀಣ್ಯ’ ಅನ್ನುವ ಪದವನ್ನಂತೂ ಕೈಬಿಟ್ಟೆ. 2026ರ ಜನವರಿ 1ರಿಂದ ಫ್ರಾನ್ಸಿನಲ್ಲಿ ನೆಲೆಸಲು ಬಂದವರ ಬಹುವರ್ಷದ ವಾಸಪತ್ರಕ್ಕೆ ಎ2, ಹತ್ತು ವರ್ಷದ್ದಕ್ಕೆ ಬಿ1, ಪೌರತ್ವಕ್ಕೆ ಬಿ2 ಬೇಕು. ಎ2 ಅಂದರೆ ಅಂಗಡಿಯಲ್ಲಿ ಸಾಮಾನು ಕೇಳುವಷ್ಟು, ಮನೆಮಂದಿ ಬಗ್ಗೆ ನಾಲ್ಕು ಮಾತಾಡುವಷ್ಟು. ಅದನ್ನು ಪ್ರಾವೀಣ್ಯ ಅಂದರೆ ಜಾಸ್ತಿಯಾಯಿತು ಅಲ್ವಾ? ‘ಭಾಷಾಮಟ್ಟ’ ಸಾಕು.

ಉಳಿದದ್ದು ಶೀರ್ಷಿಕೆಯಲ್ಲಿರುವ ಪ್ರಶ್ನೆ. ಕಲಿಯುವ ಹುಡುಗರು ‘ಬಿ2 ಮುಗಿಸಿದೆ’ ಅನ್ನುತ್ತಾರೆ. ಮುಗಿದಿರುವುದು ಕ್ಲಾಸು, ಪರೀಕ್ಷೆಗೆ ಇನ್ನೂ ಕೂತೇ ಇರುವುದಿಲ್ಲ. ಕ್ಲಾಸು ಮುಗಿದಾಗ ಕಲಿಸಿದವರು ಕೊಡುವ ಕಾಗದವೂ ‘ಪ್ರಮಾಣಪತ್ರ’ವೇ ಆಗಿರುತ್ತದೆ, ಆದರೆ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಅದಕ್ಕೆ ಒಂದು ಅಂಕವೂ ಸಿಗುವುದಿಲ್ಲ. ಈ ಮೂರನೆಯ ಕಾಗದಕ್ಕೆ ‘ಹಾಜರಿ ಪತ್ರ’ ಅಂದರೆ ವರ್ಷಗಟ್ಟಲೆ ಕಲಿತವರಿಗೆ ಬೇಜಾರಾದೀತು, ‘ಕಲಿಕಾ ಪತ್ರ’ ಅಂದರೆ ಯಾರಿಗೂ ಅರ್ಥವಾಗದೇನೋ. ಬೇರೆ ಪದ ಹೊಳೆದರೆ ತಿಳಿಸಿ.