ನೆಡುತೋಪಿನ ಗಡಿಯನ್ನು ಕ್ಯೂಜಿಐಎಸ್‌ನಲ್ಲಿ ಗುರುತಿಸುವುದು: ಕಲಿಕೆ ಎಲ್ಲಿಂದ ಆರಂಭವಾಗಬೇಕು?

ಬೆಟ್ಟದಂಚು

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ತಾಲ್ಲೂಕಿನ ಒಂದು ಗ್ರಾಮ ಅರಣ್ಯ ಸಮಿತಿಯ ಸದಸ್ಯ. ಮುಂದಿನ ಸೂಕ್ಷ್ಮ ಯೋಜನೆಗಾಗಿ (ಸಮಿತಿಯ ವ್ಯಾಪ್ತಿಯ ಅರಣ್ಯ ಕೆಲಸಗಳ ಯೋಜನೆ) ನಮ್ಮ ವ್ಯಾಪ್ತಿಯ ನೆಡುತೋಪು, ಹಳ್ಳ, ಬೆಂಕಿರೇಖೆ (ಬೆಂಕಿ ಹರಡದಂತೆ ಸವರಿಟ್ಟ ಪಟ್ಟಿ) ಮತ್ತು ಕಾಲುದಾರಿಗಳ ನಕ್ಷೆಯನ್ನು ನಾವೇ ಸಿದ್ಧಪಡಿಸಬೇಕೆಂದು ಸಮಿತಿ ತೀರ್ಮಾನಿಸಿದ್ದು, ಆ ಕೆಲಸ ನನ್ನ ಪಾಲಿಗೆ ಬಂದಿದೆ. ಕಂಪ್ಯೂಟರ್ ಬಳಕೆ ತಿಳಿದಿದೆ. ನಕ್ಷೆಯ ತಂತ್ರಾಂಶ ಮಾತ್ರ ಪೂರ್ತಿ ಹೊಸದು. ಉಚಿತವಾಗಿ ದೊರೆಯುವುದರಿಂದ ಕ್ಯೂಜಿಐಎಸ್ ಹಾಕಿಕೊಂಡಿದ್ದೇನೆ.

ಕಳೆದ ವಾರ ಅರಣ್ಯ ವೀಕ್ಷಕರೊಬ್ಬರ ಜೊತೆ ನೆಡುತೋಪಿನ ಸುತ್ತ ನಡೆದು, ಮೊಬೈಲಿನಲ್ಲಿ ಜಾಡನ್ನು ದಾಖಲಿಸಿಕೊಂಡೆ. ಕಡತದ ಪ್ರಕಾರ ಅದರ ವಿಸ್ತೀರ್ಣ 25 ಹೆಕ್ಟೇರ್. ತಂತ್ರಾಂಶವಾದರೋ 0.000021 ಎಂದು ತೋರಿಸುತ್ತಿದೆ. ಇದಲ್ಲದೆ, ಹಳೆಯ ಟೋಪೋಶೀಟಿನ (ಹಳ್ಳ, ಗುಡ್ಡ, ದಾರಿಗಳನ್ನು ತೋರಿಸುವ ಮುದ್ರಿತ ನಕ್ಷೆ) ಸ್ಕ್ಯಾನ್ ಪ್ರತಿಯನ್ನು ಅದರ ಮೂಲೆಗಳಲ್ಲಿರುವ ಅಕ್ಷಾಂಶ ರೇಖಾಂಶಗಳನ್ನು ಕೊಟ್ಟು ಕೂರಿಸಿದಾಗ, ನಾವು ಹಳ್ಳದ ದಂಡೆಯಲ್ಲಿಯೇ ನಡೆದದ್ದು ನಿಶ್ಚಿತವಾಗಿದ್ದರೂ, ಜಾಡು ಹಳ್ಳದಿಂದ ನೂರು ಮೀಟರಿಗೂ ಹೆಚ್ಚು ಆಚೆ ಬೀಳುತ್ತಿದೆ. ನಾನು ತಪ್ಪಿದ್ದು ಎಲ್ಲಿ? ಉಪಗ್ರಹ ಚಿತ್ರಗಳಿಂದ ಕಲಿಕೆ ಆರಂಭಿಸುವುದು ಒಳ್ಳೆಯದೆಂದು ಕೆಲವರು ಹೇಳುತ್ತಾರೆ. ಅದು ಸರಿಯೇ?

ಪದರಗಳು

ತಮ್ಮ ಎರಡೂ ತೊಂದರೆಗಳ ಮೂಲ ಒಂದೇ: ನಿರ್ದೇಶಾಂಕ ವ್ಯವಸ್ಥೆ, ಅಂದರೆ ನೆಲದ ಮೇಲಿನ ಸ್ಥಳವನ್ನು ಅಂಕಿಗಳಲ್ಲಿ ಸೂಚಿಸುವ ಕ್ರಮ. ಆದ್ದರಿಂದ ಮೊದಲ ಪಾಠ ಉಪಗ್ರಹ ಚಿತ್ರವಲ್ಲ, ಇದೇ ಆಗಿರಬೇಕು.

ಮೊಬೈಲ್ ದಾಖಲಿಸುವುದು ಡಬ್ಲ್ಯೂಜಿಎಸ್ 84 ಎಂಬ ಜಾಗತಿಕ ವ್ಯವಸ್ಥೆಯ ಅಕ್ಷಾಂಶ ರೇಖಾಂಶಗಳನ್ನು, ಅಂದರೆ ಡಿಗ್ರಿಗಳನ್ನು. ಆ ಪದರದಲ್ಲಿ ಆಕೃತಿಯ ವಿಸ್ತೀರ್ಣವನ್ನು ನೇರವಾಗಿ ಕೇಳಿದರೆ ಉತ್ತರವೂ ಚದರ ಡಿಗ್ರಿಯಲ್ಲಿಯೇ ಬರುತ್ತದೆ. ನಮ್ಮ ಸೀಮೆಯಲ್ಲಿ ಒಂದು ಚದರ ಡಿಗ್ರಿಯೆಂದರೆ ಸುಮಾರು 12 ಲಕ್ಷ ಹೆಕ್ಟೇರ್. ಗುಣಿಸಿ ನೋಡಿದರೆ ತಮ್ಮ 0.000021 ಎಂಬುದು 25 ಹೆಕ್ಟೇರಿನ ಸಮೀಪವೇ ಇದೆ. ಜಾಡನ್ನು ಬಹುಭುಜವಾಗಿ ಪರಿವರ್ತಿಸಿದ ಮೇಲೆ ಆ ಪದರವನ್ನು ಮೀಟರಿನಲ್ಲಿ ಅಳೆಯುವ ಯುಟಿಎಂ ವ್ಯವಸ್ಥೆಯ 43 ಉತ್ತರ ವಲಯಕ್ಕೆ (ತಂತ್ರಾಂಶದಲ್ಲಿ ಇದರ ಸಂಕೇತ ಇಪಿಎಸ್‌ಜಿ 32643) ಹೊಸ ಕಡತವಾಗಿ ಉಳಿಸಿಕೊಳ್ಳಿ; ಆಗ ವಿಸ್ತೀರ್ಣ ಚದರ ಮೀಟರಿನಲ್ಲಿ ಬರುತ್ತದೆ. ಈ ವಲಯವು 72ರಿಂದ 78 ಡಿಗ್ರಿ ಪೂರ್ವ ರೇಖಾಂಶದವರೆಗೆ ಹರಡಿರುವುದರಿಂದ ಕರ್ನಾಟಕದ ಬಹುಭಾಗ ಇದರಲ್ಲಿ ಅಡಗುತ್ತದೆ. ಕೋಲಾರದ ಕಡೆ ಕೆಲಸ ಮಾಡುವವರು ಮಾತ್ರ 44ನೇ ವಲಯವನ್ನು ಗಮನಿಸಬೇಕು. ಪದರದ ಗುಣಲಕ್ಷಣಗಳಲ್ಲಿ ಬರಿದೇ ವ್ಯವಸ್ಥೆಯ ಹೆಸರನ್ನು ಬದಲಿಸಿದರೆ ಆಗದು. ಹಾಗೆ ಮಾಡಿದರೆ ಅಂಕಿಗಳು ಅವೇ ಉಳಿದು, ತಮ್ಮ ನೆಡುತೋಪು ಶಿರಸಿಯಿಂದ ಬಹುದೂರಕ್ಕೆ ಹೋಗಿ ಕುಳಿತಿರುತ್ತದೆ.

ಟೋಪೋಶೀಟಿನ ವಿಷಯಕ್ಕೆ ಬಂದರೆ, ಸರ್ವೆ ಆಫ್ ಇಂಡಿಯಾದ ಹಳೆಯ ಹಾಳೆಗಳಲ್ಲಿರುವ ಅಕ್ಷಾಂಶ ರೇಖಾಂಶಗಳು ಎವರೆಸ್ಟ್ ಗೋಲಾಭವನ್ನು, ಅಂದರೆ ಭೂಮಿಯ ಆಕಾರದ ಹಳೆಯ ಲೆಕ್ಕವೊಂದನ್ನು, ಆಧರಿಸಿದವು. ಒಂದೇ ಹಳ್ಳಕ್ಕೆ ಆ ಲೆಕ್ಕದಲ್ಲಿ ಒಂದು ಅಂಕಿ, ಡಬ್ಲ್ಯೂಜಿಎಸ್ 84ರಲ್ಲಿ ಇನ್ನೊಂದು ಅಂಕಿ. ನಮ್ಮ ಭಾಗದಲ್ಲಿ ಈ ಅಂತರ ನೂರು ಮೀಟರನ್ನು ಮೀರುತ್ತದೆ. ಹಾಳೆಯನ್ನು ಕೂರಿಸುವಾಗ ವ್ಯವಸ್ಥೆಯನ್ನು 'ಕಲ್ಯಾಣಪುರ 1975' (Kalianpur 1975; ಎವರೆಸ್ಟ್ ಗೋಲಾಭವನ್ನು ಆಧರಿಸಿದ ವ್ಯವಸ್ಥೆ) ಎಂದು ಕೊಟ್ಟರೆ, ಪರಿವರ್ತನೆಯನ್ನು ತಂತ್ರಾಂಶವೇ ನೋಡಿಕೊಳ್ಳುತ್ತದೆ. ಅನಂತರವೂ ಸ್ವಲ್ಪ ವ್ಯತ್ಯಾಸ ಉಳಿದರೆ ಗಾಬರಿಯಾಗಬೇಡಿ; 1:50,000 ಪ್ರಮಾಣದ ಹಾಳೆಯಲ್ಲಿ ಅರ್ಧ ಮಿಲಿಮೀಟರ್ ಗೆರೆಯೇ ನೆಲದ ಮೇಲೆ 25 ಮೀಟರ್ ಆಗುತ್ತದೆ.

ಕನ್ನಡದಲ್ಲಿ ಮಾಹಿತಿ ತುಂಬುವವರಿಗೆ ಇನ್ನೊಂದು ಮಾತು. ನಕ್ಷೆಯ ಪದರವನ್ನು ಉಳಿಸುವಾಗ ಶೇಪ್‌ಫೈಲ್ ಎಂಬ ಕಡತ ಮಾದರಿಯ ಬದಲು ಜಿಯೋಪ್ಯಾಕೇಜ್ ಮಾದರಿಯನ್ನು ಬಳಸಿ. ಶೇಪ್‌ಫೈಲಿನಲ್ಲಿ ಕಾಲಮ್ಮಿನ ಹೆಸರಿಗೆ 10 ಬೈಟ್ ಮಾತ್ರ ಜಾಗವಿದ್ದು, ಯುಟಿಎಫ್-8 ಎಂಬ ಅಕ್ಷರ ಸಂಕೇತ ಕ್ರಮದಲ್ಲಿ ಕನ್ನಡದ ಒಂದೊಂದು ಅಕ್ಷರಚಿಹ್ನೆಯೂ 3 ಬೈಟ್ ಬೇಡುವುದರಿಂದ 'ನೆಟ್ಟವರ್ಷ' ಎಂಬಷ್ಟು ಚಿಕ್ಕ ಪದವೂ ತುಂಡಾಗುತ್ತದೆ. ಅಲ್ಲದೆ ಶೇಪ್‌ಫೈಲ್ ಎಂಬುದು ಹಲವು ಕಡತಗಳ ಗುಂಪು. ವಾಟ್ಸಾಪ್‌ನಲ್ಲಿ ಅವುಗಳ ಪೈಕಿ ಒಂದನ್ನೇ ಕಳುಹಿಸಿ, ತೆರೆಯುತ್ತಿಲ್ಲವೆಂದು ಕೊರಗುವವರನ್ನು ನಾನು ಬಹಳ ಕಂಡಿದ್ದೇನೆ.

ಬೆಟ್ಟದಂಚು

ಅನಂತ ಧನ್ಯವಾದಗಳು. ಹಳ್ಳ ಮತ್ತು ಜಾಡು ಈಗ ಬಹುಮಟ್ಟಿಗೆ ಕೂಡಿವೆ. ವಿಸ್ತೀರ್ಣ 26.1 ಹೆಕ್ಟೇರ್ ಬಂದಿದೆ. ಕಡತಕ್ಕಿಂತ ಒಂದು ಹೆಕ್ಟೇರಿನಷ್ಟು ಹೆಚ್ಚು. ಪಕ್ಕದಲ್ಲಿ ಕೆಲವರ ಬೆಟ್ಟ ಭೂಮಿ (ಅಡಿಕೆ ತೋಟಕ್ಕೆ ಸೊಪ್ಪು ತರುವ ಜಾಗ) ಇರುವುದರಿಂದ ಸಭೆಯಲ್ಲಿ ಇದನ್ನು ಹೇಳಬಹುದೇ ಎಂಬ ಅಳುಕಿದೆ.

ಗಡಿಕಲ್ಲು

ಬೆಟ್ಟದಂಚು ಅವರೇ, ಉಪ ವಲಯ ಅರಣ್ಯಾಧಿಕಾರಿಯಾಗಿ ಕೆಲಸ ಮಾಡಿ ನಿವೃತ್ತನಾದವನು ನಾನು. ತಮ್ಮ ಅಳುಕು ಯೋಗ್ಯವಾದದ್ದು. ದಯವಿಟ್ಟು ಆ ಅಂಕಿಯನ್ನು ಈಗಲೇ ಸಭೆಗೆ ಒಯ್ಯಬೇಡಿ.

25 ಹೆಕ್ಟೇರ್ ಎಂದರೆ 500 ಮೀಟರ್ ಉದ್ದಗಲದ ಒಂದು ಚೌಕ. ನಾಲ್ಕೂ ಬದಿಗಳಲ್ಲಿ ಜಾಡು ಕೇವಲ 5 ಮೀಟರ್ ಹೊರಗೆ ಸರಿದರೆ ಚೌಕದ ಬದಿ 510 ಮೀಟರ್ ಆಗುತ್ತದೆ, ವಿಸ್ತೀರ್ಣ 26.01 ಹೆಕ್ಟೇರ್ ಆಗುತ್ತದೆ. ದಟ್ಟವಾದ ಎಲೆಯ ಹೊದಿಕೆಯ ಕೆಳಗೆ ಮೊಬೈಲು 5 ಮೀಟರ್ ತಪ್ಪುವುದು ಸಾಮಾನ್ಯ. ಅದಕ್ಕಿಂತ ಮುಖ್ಯವಾಗಿ, ಗಡಿಯ ಕಂದಕವನ್ನು ದಾಟಲಾಗದೆ ಅದರ ಹೊರದಂಡೆಯಲ್ಲಿಯೇ ತಾವು ನಡೆದಿದ್ದರೆ ಇಷ್ಟು ಅಂತರ ತಾನಾಗಿಯೇ ಸೇರಿಕೊಂಡಿರುತ್ತದೆ. ಇನ್ನೊಮ್ಮೆ ನಡೆಯಿರಿ. ಪ್ರತಿಯೊಂದು ತಿರುವಿನಲ್ಲಿ, ಪ್ರತಿಯೊಂದು ಗಡಿಕಲ್ಲಿನ ಬಳಿ ಎರಡು ನಿಮಿಷ ನಿಂತು ಬಿಂದುವನ್ನು ದಾಖಲಿಸಿ, ಜಾಡಿನ ಬದಲು ಆ ಬಿಂದುಗಳನ್ನು ಜೋಡಿಸಿ ಗಡಿ ಎಳೆಯಿರಿ. ಕ್ಯೂಫೀಲ್ಡ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಕ್ಯೂಜಿಐಎಸ್‌ನ ಯೋಜನೆಯನ್ನೇ ಕಾಡಿಗೆ ಒಯ್ಯಬಹುದು.

ಮೀಸಲು ಅರಣ್ಯದ ಗಡಿಯನ್ನು ನಿರ್ಧರಿಸುವುದು 1963ರ ಕರ್ನಾಟಕ ಅರಣ್ಯ ಕಾಯ್ದೆಯ 17ನೇ ಪ್ರಕರಣದ ಅಡಿಯ ಅಧಿಸೂಚನೆಗಳೇ ಹೊರತು ನಮ್ಮ ಕಂಪ್ಯೂಟರಿನ ಗೆರೆಯಲ್ಲ. ದಿಶಾಂಕ್ ಆ್ಯಪ್‌ನಲ್ಲಿ ಕಾಣುವ ಸರ್ವೆ ನಂಬರಿನ ಗಡಿಯನ್ನೂ ಅಳತೆಯ ಪುರಾವೆಯಾಗಿ ತೆಗೆದುಕೊಳ್ಳಬಾರದು. ಒಂದು ತಪ್ಪು ಗೆರೆಯಿಂದ ನೆರೆಹೊರೆಯವರು ವರ್ಷಗಟ್ಟಲೆ ಮಾತು ಬಿಟ್ಟದ್ದನ್ನು ನೋಡಿರುವುದರಿಂದ ಇಷ್ಟು ಒತ್ತಿ ಬರೆಯುತ್ತಿದ್ದೇನೆ.

ಹಸಿರುಛಾಯೆ

ಉಪಗ್ರಹ ಚಿತ್ರಗಳ ಬಗ್ಗೆ ಕೇಳಿದ್ದಿರಿ. ಗಡಿ ಗಟ್ಟಿಯಾದ ಮೇಲೆ ಖಂಡಿತ ಕಲಿಯಿರಿ. ಯುರೋಪಿನ ಸೆಂಟಿನೆಲ್-2 ಉಪಗ್ರಹಗಳ ಚಿತ್ರಗಳು ಉಚಿತವಾಗಿ ಸಿಗುತ್ತವೆ, ಕೆಂಪು (4ನೇ) ಮತ್ತು ಕಣ್ಣಿಗೆ ಕಾಣದ ಸಮೀಪ ಅವಕೆಂಪು (8ನೇ) ಬೆಳಕಿನ ಪಟ್ಟಿಗಳಲ್ಲಿ ಒಂದು ಚುಕ್ಕೆ 10 ಮೀಟರ್ ಉದ್ದಗಲದ ನೆಲವನ್ನು ತೋರಿಸುತ್ತದೆ. 8ನೇ ಪಟ್ಟಿಯಿಂದ 4ನೆಯದನ್ನು ಕಳೆದು, ಅವೆರಡರ ಮೊತ್ತದಿಂದ ಭಾಗಿಸಿದರೆ ಹಸಿರಿನ ಸೂಚ್ಯಂಕ ದೊರೆಯುತ್ತದೆ. ಆದರೆ ಈ ಸೂಚ್ಯಂಕಕ್ಕೆ ಅಕೇಶಿಯಾ ತೋಪು, ಅಡಿಕೆ ತೋಟ, ನಿತ್ಯಹರಿದ್ವರ್ಣ ಕಾಡು ಎಲ್ಲವೂ ಒಂದೇ ಹಸಿರು. ಬೇಸಿಗೆಗೆ ಮುನ್ನ ಎಲೆ ಉದುರಿಸಿದ ತೇಗವು ಕಡಿದ ಕಾಡಿನಂತೆ ಕಂಡೀತು. ಆದ್ದರಿಂದ ಯಾವಾಗಲೂ ಒಂದೇ ತಿಂಗಳ ಚಿತ್ರಗಳನ್ನು ವರ್ಷದಿಂದ ವರ್ಷಕ್ಕೆ ಹೋಲಿಸಬೇಕು. ಮಳೆಗಾಲದಲ್ಲಿ ಮೋಡವಿಲ್ಲದ ಚಿತ್ರ ಸಿಗುವುದೇ ಅಪರೂಪವಾದ್ದರಿಂದ ಜನವರಿ ಅನುಕೂಲ.

ಬೆಂಕಿರೇಖೆಯ ಕೆಲಸಕ್ಕೆ, ಉಪಗ್ರಹ ಆಧಾರಿತ ಬೆಂಕಿ ಸೂಚನೆಗಳ ಹಳೆಯ ದಾಖಲೆಯನ್ನು ತಮ್ಮ ನಕ್ಷೆಯ ಮೇಲೆ ಹಾಕಿಕೊಳ್ಳಿ. ಬೆಂಕಿಯನ್ನು ಗುರುತಿಸುವ ವಿಐಐಆರ್‌ಎಸ್ ಎಂಬ ಉಪಗ್ರಹ ಉಪಕರಣದ ಒಂದು ಬಿಂದು ಸುಮಾರು 375 ಮೀಟರ್ ಚೌಕದ ನಡುವನ್ನು ಸೂಚಿಸುತ್ತದೆಯಾದ್ದರಿಂದ, ಬೆಂಕಿ ಬಿದ್ದದ್ದು ಹಳ್ಳದ ಈಚೆಯೋ ಆಚೆಯೋ ಎಂಬುದನ್ನು ಅದು ಹೇಳಲಾರದು. ಅದನ್ನು ತಮ್ಮ ಜೊತೆ ನಡೆದ ವೀಕ್ಷಕರನ್ನೇ ಕೇಳಿ, ಅವರು ತೋರಿಸಿದ ಜಾಗವನ್ನು ಪ್ರತ್ಯೇಕ ಪದರವಾಗಿ, ವರ್ಷದ ಸಮೇತ ದಾಖಲಿಸಿಕೊಳ್ಳಿ.